ಪಕ್ಕದ ಸೀಟಿನ ಮೇಷ್ಟ್ರು

ನನ್ನದು ಅನುಮಾನದ ಕೆಲಸ. ದೊಡ್ಡ ಅಂಗಡಿಯೊಂದರ ಹೊರಬಾಗಿಲಲ್ಲಿ ನಿಂತು, ಹೋಗುವವರ ಚೀಲ ತಡಕಿ, ಬಿಲ್ಲಿನಲ್ಲಿರುವುದಕ್ಕೂ ಚೀಲದಲ್ಲಿರುವುದಕ್ಕೂ ತಾಳೆ ನೋಡಿ, ಚೀಟಿಗೆ ತೂತು ಹೊಡೆದು ಕಳಿಸಬೇಕು. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದ್ದೇನೆ. ಕದ್ದವರನ್ನು ನಾನು ಚೀಲ ನೋಡಿ ಹಿಡಿಯುವುದಿಲ್ಲ, ಕಣ್ಣು ನೋಡಿ ಹಿಡಿಯುತ್ತೇನೆ. ಅವರ ಕಣ್ಣು ಮೊದಲು ನನ್ನ ಮೇಲೆ ಬೀಳುತ್ತದೆ, ಆಮೇಲೆ ಬಾಗಿಲ ಮೇಲೆ, ಆಮೇಲೆ ಎಲ್ಲೂ ನಿಲ್ಲುವುದಿಲ್ಲ. "ನಿನ್ನ ಕೈಗೆ ಸಿಕ್ಕಿದ್ರೆ ಗಾಳಿಗೂ ಬಿಲ್ ತೋರ್ಸು ಅಂತೀಯ" ಎಂದು ಮನೆಯಲ್ಲಿ ನಮ್ಮ ಯಜಮಾನರು ಗೇಲಿ ಮಾಡುತ್ತಾರೆ. ಮಾಡಲಿ. ಗೇಲಿಗೆಲ್ಲ ಸೊಪ್ಪು ಹಾಕುವವಳಲ್ಲ ನಾನು.

ಇಷ್ಟು ಯಾಕೆ ಹೇಳಿದೆನೆಂದರೆ, ಕಂಬದ ಮೇಷ್ಟ್ರ ವಿಷಯ ಹೇಳುವಾಗ ಹೇಳುವವಳು ಎಂಥವಳು ಎಂಬುದೂ ನಿಮಗೆ ಗೊತ್ತಿರಲಿ. ಆ ಮನುಷ್ಯ ಡ್ರೈವಿಂಗ್ ಶಾಲೆಯ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬದುಕಿದವರು. ಅವರು ಆ ಸೀಟಿನಲ್ಲಿ ಕೂತಿರಬೇಕೋ ಬೇಡವೋ ಎಂಬ ಪ್ರಶ್ನೆ ಕೊನೆಗೆ ನನ್ನ ಕೊರಳಿಗೆ ಬಿತ್ತು. ನಾನಾಗಿ ಬಯಸಿದ್ದಲ್ಲ.

ನಲವತ್ತೇಳು ತುಂಬುವಷ್ಟರಲ್ಲಿ ನನ್ನ ಮಂಡಿಗಳು ನಿಲ್ಲುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದವು. ಅಂಗಡಿಯ ಸಾಮಾನನ್ನು ಮನೆಮನೆಗೆ ಮುಟ್ಟಿಸುವ ವ್ಯಾನಿಗೆ ಡ್ರೈವರ್ ಬೇಕಾಗಿತ್ತು. ಲೈಸೆನ್ಸ್ ತಂದರೆ ಕೂತು ಮಾಡುವ ಆ ಕೆಲಸ ನಿಮ್ಮದೇ ಎಂದು ಮ್ಯಾನೇಜರ್ ಹೇಳಿದ. ಹತ್ತಿರದ ಟೈರ್ ಅಂಗಡಿಯೊಂದರ ಪಕ್ಕದಲ್ಲೇ ಒಂದು ಕೋಣೆಯ ಡ್ರೈವಿಂಗ್ ಶಾಲೆ ಇತ್ತು. ಒಬ್ಬಳು ಒಡತಿ, ಎರಡು ಕಾರು, ಇಬ್ಬರು ಮೇಷ್ಟ್ರು. ಚಿಕ್ಕ ಮೇಷ್ಟ್ರು ಮೂವತ್ತರವನು, ಬಾಯಿ ತೆರೆದರೆ ಮುಚ್ಚುವವನಲ್ಲ. ದೊಡ್ಡವರಿಗೆ ಐವತ್ತೈದರ ಮೇಲೆ. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲ್ಲನೆಯ ಮಾತು. ಶಾಲೆಯ ಹಿಂದಿನ ಬಯಲಿನಲ್ಲಿ ಒಂದು ಕಬ್ಬಿಣದ ಕಂಬ ನೆಟ್ಟು, ಅದಕ್ಕೆ ಹಳೇ ಟೈರು ತೊಡಿಸಿ, ಹೊಸಬರನ್ನೆಲ್ಲ ಮೊದಲು ಅಲ್ಲಿಗೇ ಕರೆದೊಯ್ಯುತ್ತಿದ್ದರಿಂದ ಅವರಿಗೆ ಕಂಬದ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು.

"ಕಂಬಕ್ಕೆ ತಾಗಿಸದೆ ಪಕ್ಕದಲ್ಲಿ ಹೋಗೀಮ್ಮಾ" ಅಂದರು ಮೊದಲ ದಿನ. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದದ್ದು ಒಂದೇ ಒಂದು ಕಂಬ. ನಾನು ನೇರ ಹೋಗಿ ಅದಕ್ಕೇ ಗುದ್ದಿದೆ. ಎರಡನೇ ಸಲವೂ ಗುದ್ದಿದೆ. ಮೂರನೇ ಸಲ ಅವರೇ ಬ್ರೇಕ್ ಒತ್ತಿದರು. ಅವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು.

"ಎಲ್ಲಿ ನೋಡ್ತಿದ್ರಿ?"

"ಕಂಬಾನೇ ನೋಡ್ತಿದ್ದೆ. ಗುದ್ದಬಾರ್ದಲ್ಲ!"

"ಅದಕ್ಕೇ ಗುದ್ದಿದ್ರಿ. ಕಣ್ಣು ಎಲ್ಲಿರುತ್ತೋ ಕೈ ಸ್ಟೀರಿಂಗನ್ನ ಅಲ್ಲಿಗೇ ಎಳೆಯುತ್ತೆ. ಬೇಡ ಅನ್ನೋ ಮಾತು ಕೈಗೆ ತಿಳಿಯಲ್ಲ. ಕಂಬ ಇದೆ ಅಂತ ಗೊತ್ತಾಯ್ತಲ್ಲ, ಸಾಕು. ಇನ್ನು ಅದನ್ನ ಬಿಟ್ಟು ಪಕ್ಕದ ಖಾಲಿ ಜಾಗ ನೋಡಿ."

ಖಾಲಿ ಜಾಗ ನೋಡಿದೆ. ಕಾರು ಕಂಬವನ್ನು ಒಂದು ಮಾರು ದೂರ ಬಿಟ್ಟು ಸಲೀಸಾಗಿ ದಾಟಿತು. ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ಇವರೇ ಪಕ್ಕದಿಂದ ಸ್ಟೀರಿಂಗ್ ತಿರುಗಿಸಿದರೋ ಏನೋ! ತಿರುಗಿ ನೋಡಿದರೆ ಅವರ ಎರಡೂ ಕೈ ತೊಡೆಯ ಮೇಲಿದ್ದವು.

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವರು ಅವರು. ಕಲಿಸಿದ್ದು ಅವರ ಸೋದರಮಾವ. ಆತ ಬಸ್ಸಿನ ಮುಂದಿನ ಗಾಜಿನ ಕೆಳಭಾಗಕ್ಕೆ ಹಳೇ ಪೇಪರ್ ಅಂಟಿಸಿ, ಹತ್ತಿರದ ರಸ್ತೆ ಕಾಣದಂತೆ ಮಾಡಿ ಓಡಿಸಲು ಹಚ್ಚುತ್ತಿದ್ದನಂತೆ. ಮೂಗಿನ ಮುಂದಿನ ರಸ್ತೆ ನೋಡುತ್ತಾ ಓಡಿಸಿದರೆ ಗಾಡಿ ಓಲಾಡುತ್ತದೆ, ಬೀದಿಯ ಕೊನೆ ನೋಡಿದರೆ ನೆಟ್ಟಗೆ ಹೋಗುತ್ತದೆ. ನನಗೂ ಎರಡು ದಿನ ಪೇಪರ್ ಅಂಟಿಸಿದರು. ಬೈದುಕೊಂಡೇ ಓಡಿಸಿದೆ, ಗಾಡಿ ನೆಟ್ಟಗೆ ಹೋಯಿತು. ಬೆನ್ನು ನೋವೆಂದು ಅವರು ಬಸ್ಸು ಬಿಟ್ಟು ಮೂರು ವರ್ಷವಾಗಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ಆಯಾ. "ಗಾಡಿ ಬಿಟ್ರೆ ನನಗೆ ಬೇರೇನೂ ಬರಲ್ಲಮ್ಮಾ. ಈ ಸೀಟಿಂದ ಇಳಿಸಿದ್ರೆ ನಾನು ಮನೇಲಿರೋ ಸ್ಟೂಲಿಗೂ ಸಮ ಅಲ್ಲ" ಎಂದು ಒಂದು ದಿನ ಚಹಾ ಕುಡಿಯುತ್ತಾ ಹೇಳಿದ್ದರು. ಹೇಳಿ ನಕ್ಕರು, ಆದರೆ ಅದು ನಗುವ ಮಾತಾಗಿರಲಿಲ್ಲ.

ಐದನೇ ಪಾಠದ ಹೊತ್ತಿಗೆ ನಾನು ಆ ಕನ್ನಡಿಯನ್ನು ಗಮನಿಸಿದೆ. ಹಿಂದಿನ ಗಾಡಿ ನೋಡುವ ಕನ್ನಡಿ ನನಗೊಂದು, ಅವರಿಗೊಂದು ಇತ್ತು. ಅದಲ್ಲದೆ, ಅಂಗೈ ಅಗಲದ ಇನ್ನೊಂದು ದುಂಡು ಕನ್ನಡಿ, ಮುಂದಿನ ಗಾಜಿನ ನಡುವೆ ಅಂಟಿಸಿದ್ದು. ಅದು ತಿರುಗಿದ್ದು ರಸ್ತೆಯ ಕಡೆಗಲ್ಲ, ನನ್ನ ಮುಖದ ಕಡೆಗೆ. ಮೇಷ್ಟ್ರು ಪಾಠವಿಡೀ ಅದನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ರಸ್ತೆ ನೋಡಬೇಕಾದ ಗಂಡಸು ಹೆಂಗಸಿನ ಮುಖ ನೋಡುತ್ತಾನೆಂದರೆ ಏನರ್ಥ? ನನ್ನ ಮೈ ಉರಿಯಿತು.

ಅದರ ಮೇಲೆ ಅವರ ಪ್ರಶ್ನೆಗಳು. ನಾನು ಎರಡನೇ ಗೇರಿನಿಂದ ಮೂರಕ್ಕೆ ಹಾಕುವ ಹೊತ್ತಿಗೆ ಸರಿಯಾಗಿ, "ಮನೇಲಿ ಎಷ್ಟು ಜನಮ್ಮಾ?" ಎಂದು ಕೇಳುವರು. ತಿರುವಿನಲ್ಲಿ, "ಯಜಮಾನ್ರು ಎಷ್ಟು ಗಂಟೆಗೆ ಕೆಲಸಕ್ಕೆ ಹೋಗ್ತಾರೆ?" ಗಂಡ ಮನೆಯಲ್ಲಿರದ ಹೊತ್ತು ಇವರಿಗೆ ಯಾಕೆ ಬೇಕು? "ಅವರು ಇಪ್ಪತ್ನಾಲ್ಕು ಗಂಟೆನೂ ಮನೇಲೇ ಇರ್ತಾರೆ" ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಮೇಷ್ಟ್ರು ಖುಷಿಯಿಂದ ತೊಡೆ ತಟ್ಟಿಕೊಂಡರು.

"ನೋಡಿದ್ರಾ? ಮಾತಾಡ್ತಾ ಮಾತಾಡ್ತಾ ಮೂರನೇ ಗೇರ್ ಹಾಕ್ಬಿಟ್ರಿ. ಹೋದ ವಾರ ಕಾಲಿನ ಬಗ್ಗೆ ಯೋಚ್ನೆ ಮಾಡಿ ಮಾಡಿ ಗಾಡಿ ನಿಲ್ಲಿಸ್ತಿದ್ರಿ. ಈಗ ಕಾಲು ತಾನೇ ಮಾಡುತ್ತೆ, ತಲೆ ಬಿಡುವಾಗಿದೆ. ಬಿಡುವಾಗಿದೆಯೋ ಇಲ್ವೋ ಅಂತ ನೋಡಕ್ಕೇ ಕೇಳಿದ್ದು."

ಉತ್ತರ ಸರಿಯಾಗಿಯೇ ಇತ್ತು. ಆದರೆ ನನ್ನ ಬಾಗಿಲಲ್ಲಿ ಸಿಕ್ಕಿಬೀಳುವವರ ಉತ್ತರಗಳೂ ಯಾವಾಗಲೂ ಸರಿಯಾಗಿಯೇ ಇರುತ್ತವೆ.

ಇನ್ನೂ ಒಂದು ವಿಷಯ ತಲೆಯಲ್ಲಿ ಹುಳ ಬಿಟ್ಟಿತ್ತು. ಹನ್ನೆರಡು ಪಾಠ ಮುಗಿದವರನ್ನೆಲ್ಲ ಅವರು ಚಿಕ್ಕ ಮೇಷ್ಟ್ರ ಕೈಗೆ ದಾಟಿಸಿಬಿಡುತ್ತಿದ್ದರು. ಪೇಟೆಯ ರಸ್ತೆ, ಪರೀಕ್ಷೆಯ ತಯಾರಿ ಎಲ್ಲ ಅವನದು. "ಕೈ ಕೂರಿಸೋದಷ್ಟೇ ನನ್ನ ಕೆಲಸ" ಎನ್ನುವರು. ನನ್ನ ಸರದಿ ಬರುವಾಗ ಚಿಕ್ಕ ಮೇಷ್ಟ್ರು ಜ್ವರ ಬಂದು ಮಲಗಿದ್ದ. ನಾನು ಇವರ ಹತ್ತಿರವೇ ಉಳಿದೆ. ಹದಿಮೂರನೇ ಪಾಠದಲ್ಲಿ ಮೇಷ್ಟ್ರು ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಕಣ್ಣು ಮಾತ್ರ ಅದೇ ಕನ್ನಡಿಯಲ್ಲಿ.

"ನಿಮ್ಮ ಕಣ್ಣು ಈಗ ಅಲ್ಲಿ ಇಲ್ಲಿ ಓಡಲ್ಲ. ಚೆನ್ನಾಗಿ ಕಲಿತುಬಿಟ್ರಿ" ಎಂದರು.

ಅವರ ದನಿಯಲ್ಲಿ ಬೇಸರವಿತ್ತು. ವಿದ್ಯಾರ್ಥಿ ಕಲಿತಳೆಂದು ಬೇಸರಪಡುವ ಮೇಷ್ಟ್ರನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿರಲಿಲ್ಲ. ಪಾಠ ಮುಗಿದದ್ದೇ ಒಡತಿಯ ಮೇಜಿನ ಮುಂದೆ ಹೋಗಿ ನಿಂತೆ.

"ನಿಮ್ಮ ಮೇಷ್ಟ್ರು ರಸ್ತೆ ನೋಡಲ್ಲ, ನನ್ನ ಮುಖ ನೋಡ್ತಾರೆ. ಅದಕ್ಕೇ ಅಂತ ಕನ್ನಡಿ ಬೇರೆ ಹಾಕ್ಕೊಂಡಿದ್ದಾರೆ" ಎಂದೆ.

ಒಡತಿ ಕಕ್ಕಾಬಿಕ್ಕಿಯಾದಳು. ಶಾಲೆಗೆ ಬರುವವರಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಈ ಮಾತು ಹೊರಗೆ ಹೋದರೆ ಬಾಗಿಲು ಮುಚ್ಚಬೇಕು. ಅವಳೇ ಎದ್ದು ಬಂದು, ಬ್ಲೇಡಿನಿಂದ ಗೋಂದು ಕೆರೆದು, ಕನ್ನಡಿಯನ್ನು ಕಿತ್ತು ತೆಗೆದಳು. ಮೇಷ್ಟ್ರು ಕಾರಿನ ಪಕ್ಕದಲ್ಲೇ ನಿಂತಿದ್ದರು. ಸಿಟ್ಟು ಬಂದಿದ್ದರೆ ನನಗೆ ಅರ್ಥವಾಗುತ್ತಿತ್ತು, ನಾಚಿಕೆಯಾಗಿದ್ದರೂ ಅರ್ಥವಾಗುತ್ತಿತ್ತು. ಅವರ ಮುಖದಲ್ಲಿ ಇದ್ದದ್ದು ಹೆದರಿಕೆ.

ಮರುದಿನದ ಪಾಠಕ್ಕೆ ಹೊಸ ಕ್ರಮ ಬಂತು.

"ಇವತ್ತಿಂದ ಕಣ್ಣಿಗೆ ಕಂಡಿದ್ದನ್ನೆಲ್ಲ ಬಾಯಲ್ಲಿ ಹೇಳ್ತಾ ಓಡಿಸಿ. ಹೀಗೆ ಹೇಳ್ತಾ ಓಡಿಸಿದ್ರೆ ಗಮನ ಚೆದುರಲ್ಲ" ಎಂದರು.

ಹೇಳಿದೆ. ಎಡಗಡೆ ಸೈಕಲ್ಲು, ಎದುರಿಗೆ ಬಸ್ಸು, ಬಸ್ಸು ನಿಂತಿತು, ಇಳಿಯುವವರು ಇಬ್ಬರು, ಬಲಗಡೆ ತರಕಾರಿ ಗಾಡಿ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಪಾಠವೇ. ಬಾಯಿ ಹೇಳಲು ಹೊರಟಾಗ ಕಣ್ಣು ತಾನಾಗಿ ಮುಂದೆ ಮುಂದೆ ಹುಡುಕುತ್ತದೆ. ಆದರೆ ಮೇಷ್ಟ್ರು ಕೂತ ಭಂಗಿ ನನಗೆ ಹಿಡಿಸಲಿಲ್ಲ. ಕಿವಿಯನ್ನು ನನ್ನ ಕಡೆ ವಾಲಿಸಿ ಕೂತಿದ್ದರು.

ಎರಡನೇ ದಿನ ಹೇಳಿ ಹೇಳಿ ಬಾಯಿ ಒಣಗಿ, ಒಂದು ಗಳಿಗೆ ಸುಮ್ಮನಾದೆ. ಅಷ್ಟರಲ್ಲಿ ಎಡಗಡೆಯ ಸಂದಿಯಿಂದ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ನುಗ್ಗಿತು. ಅದು ಅವರು ಕೂತ ಕಡೆ, ಅವರ ಮೊಣಕೈಯ ಪಕ್ಕದಲ್ಲೇ. ನಾನೇ ಬ್ರೇಕ್ ಒತ್ತಿ ಅಯ್ಯೋ ಎಂದೆ. ನನ್ನ ಅಯ್ಯೋ ಮುಗಿದ ಮೇಲೆ ಮೇಷ್ಟ್ರ ಕಾಲು ಅವರ ಬ್ರೇಕಿನ ಮೇಲೆ ಬಿತ್ತು.

"ಯಾಕೆ ಹೇಳಲಿಲ್ಲ?" ಎಂದು ಅವರು ಗದರಿದರು. ಹದಿನೈದು ದಿನದಲ್ಲಿ ಅವರು ದನಿ ಎತ್ತಿದ್ದು ಅದೇ ಮೊದಲು. ಸೈಕಲ್ಲಿಗಿಂತ ಆ ಮಾತೇ ನನ್ನನ್ನು ಹೆದರಿಸಿತು. ಯಾಕೆ ನೋಡಲಿಲ್ಲ ಎಂದು ಕೇಳಬೇಕಾದ ಮನುಷ್ಯ ಯಾಕೆ ಹೇಳಲಿಲ್ಲ ಎನ್ನುತ್ತಾರಲ್ಲ!

ಆಮೇಲೆ ನಾನು ರಸ್ತೆಯ ಜೊತೆಗೆ ಅವರ ಕಣ್ಣನ್ನೂ ಕದ್ದು ನೋಡತೊಡಗಿದೆ. ಪಕ್ಕದಲ್ಲಿ ಏನಾದರೂ ಚಲಿಸಿದರೆ ಯಾರ ಕಣ್ಣಾದರೂ ಸರಿ, ಒಂದು ಸಲ ಆ ಕಡೆ ಹಾರಿ ಬರುತ್ತದೆ. ನಮ್ಮ ಹಿಡಿತದಲ್ಲಿ ಇರುವ ಸಂಗತಿಯಲ್ಲ ಅದು. ಎಂಥ ಪಳಗಿದ ಕಳ್ಳನಿಗೂ ತಡೆಯಲು ಆಗುವುದಿಲ್ಲ, ನನಗೆ ಗೊತ್ತು. ಮೇಷ್ಟ್ರ ಪಕ್ಕದಿಂದ ಬಸ್ಸು ಹಾದುಹೋಯಿತು, ನಾಯಿ ಓಡಿತು, ಶಾಲೆಯ ಮಕ್ಕಳ ಹಿಂಡೇ ಹೋಯಿತು. ಅವರ ಕಣ್ಣು ಕದಲಲಿಲ್ಲ. ಇಳಿಯುವಾಗ ನೋಡಿದೆ: ಕೈ ಮೊದಲು ಬಾಗಿಲಿನ ಅಂಚು ಹುಡುಕಿತು, ಕಾಲು ನೆಲ ಹುಡುಕಿತು, ಆಮೇಲೆ ದೇಹ ಹೊರಬಂತು. ಚಹಾದ ಲೋಟಕ್ಕೂ ಹಾಗೇ, ಮೇಜಿನ ಮೇಲೆ ಕೈ ಸವರಿಕೊಂಡು ಹೋಗಿ ಹಿಡಿದರು.

ಆ ರಾತ್ರಿ ಯಜಮಾನರಿಗೆ ಹೇಳಿದರೆ, "ಪಾಪದ ಮನುಷ್ಯನ ಮೇಲೆ ಇನ್ನೂ ಏನು ಉಳಿದಿದೆ? ಕನ್ನಡಿ ಕೀಳಿಸಿದ್ದಾಯ್ತಲ್ಲ" ಎಂದು ಮಗ್ಗುಲು ಬದಲಿಸಿದರು. ನನಗೆ ನಿದ್ದೆ ಬರಲಿಲ್ಲ. ತಪ್ಪು ಚೀಲ ತಡಕಿ ಒಬ್ಬರನ್ನು ಅಳಿಸಿದ ದಿನ ಆಗುವ ಸಂಕಟ ಒಂದು ಕಡೆ. ಸರಿಯಾದ ಚೀಲವೇ ಇರಬಹುದೆಂಬ ದಿಗಿಲು ಇನ್ನೊಂದು ಕಡೆ.

ಮರುದಿನ ನಾನು ಗಾಡಿಯನ್ನು ಊರಾಚೆಯ ಹೊಸ ಬಡಾವಣೆಗೆ ತಿರುಗಿಸಿದೆ. ಮನೆಗಳಿನ್ನೂ ಎದ್ದಿರಲಿಲ್ಲ. ಅಗಲವಾದ, ನೇರವಾದ, ಖಾಲಿ ರಸ್ತೆ; ಕಣ್ಣು ಹಾಯುವಷ್ಟು ದೂರ ಒಂದು ಕಾಗೆಯೂ ಇಲ್ಲ. ಹಿಂದೆ ಯಾರೂ ಬರುತ್ತಿಲ್ಲವೆಂದು ಎರಡು ಸಲ ನೋಡಿಕೊಂಡೆ. ವೇಗ ಕಮ್ಮಿ ಮಾಡಿದೆ.

"ಲಾರಿ! ಎದುರಿಗೆ ಲಾರಿ!" ಎಂದು ಕಿರುಚಿದೆ.

ಮೇಷ್ಟ್ರು ಮೈಯೆಲ್ಲ ಬಲ ಹಾಕಿ ಬ್ರೇಕ್ ತುಳಿದರು. ಕಾರು ಮುಗ್ಗರಿಸಿ ನಿಂತು ಎಂಜಿನ್ ಬಂದಾಯಿತು. ಅವರ ಬಲಗೈ ನನ್ನ ಎದೆಗೆ ಅಡ್ಡ ಬಂದಿತ್ತು, ನಾನು ಸ್ಟೀರಿಂಗಿಗೆ ಬಡಿದುಕೊಳ್ಳದಂತೆ. ಕಣ್ಣಿಂದ ರಸ್ತೆಯನ್ನು ಚೂರು ಚೂರೇ ತಡಕುತ್ತಾ ಹಾಗೇ ಕಾದು ಕೂತರು. ಲಾರಿಯ ಸದ್ದು ಬರಲಿಲ್ಲ. ಹಾರ್ನ್ ಇಲ್ಲ, ಬೈಗುಳ ಇಲ್ಲ. ನಿಧಾನಕ್ಕೆ ಅವರ ಕೈ ಕೆಳಗಿಳಿಯಿತು.

"ಲಾರಿ ಇಲ್ಲ" ಎಂದರು.

"ಇಲ್ಲ ಮೇಷ್ಟ್ರೇ."

ಆಮೇಲೆ ಅವರೇ ಹೇಳಿದರು. ಮೊದಲು ಹೋದದ್ದು ಸಂಜೆಯ ಬೆಳಕು, ಆಮೇಲೆ ಎರಡೂ ಪಕ್ಕ. ನಡುವೆ ಒಂದು ಕೊಳವೆಯಷ್ಟು ಜಾಗ ಉಳಿದಿದೆ. ಅದರೊಳಗಿಂದ ನೋಡಿದ್ದು ಸ್ಪಷ್ಟವಾಗಿ ಕಾಣುತ್ತದೆ, ಅದರಾಚೆ ಏನೂ ಇಲ್ಲ. ಬಸ್ಸಿನ ಬದಿಯನ್ನು ಎರಡು ಸಲ ಗೋಡೆಗೆ ಉಜ್ಜಿದ ಮೇಲೆ ಬೆನ್ನು ನೋವೆಂದು ಹೇಳಿ ಕೆಲಸ ಬಿಟ್ಟರು. ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದಿದ್ದಾರೆ. ಹೆಂಡತಿಗೆ ಇಂದಿಗೂ ಗೊತ್ತಿರುವುದು ಬೆನ್ನು ನೋವು ಮಾತ್ರ. ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಾರಂತೆ, ಇವರು ಹಚ್ಚಿಸಿಕೊಳ್ಳುತ್ತಾರಂತೆ.

"ಹಾಗಾದ್ರೆ ಇಷ್ಟು ಜನಕ್ಕೆ ಹೇಗೆ ಕಲಿಸಿದ್ರಿ?"

"ನಿಮ್ಮ ಕಣ್ಣಿಂದ" ಎಂದರು. "ರಸ್ತೆ ದೊಡ್ಡದು, ನನ್ನ ಕೊಳವೆಗೆ ಹಿಡಿಯಲ್ಲ. ಆದ್ರೆ ಆ ಕನ್ನಡೀಲಿ ನಿಮ್ಮ ಎರಡು ಕಣ್ಣು ಪೂರ್ತಿ ಹಿಡಿಯೋದು. ಹೊಸಬರ ಕಣ್ಣು ಭಾಳ ಪ್ರಾಮಾಣಿಕ ಅಮ್ಮಾ. ರಸ್ತೇಲಿ ಏನೇ ಬರಲಿ, ಓಡಿಹೋಗಿ ಅದನ್ನ ಮುಟ್ಟಿ ಬರುತ್ತೆ. ಎಡಕ್ಕೆ ಹಾರಿದ್ರೆ ಎಡಗಡೆ ಏನೋ ಇದೆ. ನೆಟ್ಟು ನಿಂತ್ರೆ ಗುದ್ದೋದ್ರಲ್ಲಿದ್ದಾರೆ. ನಾನು ಬ್ರೇಕ್ ಹಾಕ್ತಿದ್ದೆ. ಮೂರು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ ಈ ಗಾಡಿಗೆ. ಕಲಿತ ಮೇಲೇ ಕಷ್ಟ. ಕಲಿತವರ ಕಣ್ಣು ಎಲ್ಲಕ್ಕೂ ಓಡಲ್ಲ. ದೂರ ನೋಡ್ತಾ ಶಾಂತವಾಗಿ ಇದ್ದುಬಿಡುತ್ತೆ. ನಾನೇ ಹಾಗೆ ಕಲಿಸ್ತೀನಲ್ಲ! ಆಗ ನನಗೆ ರಸ್ತೆ ಮುಚ್ಚಿಹೋಗುತ್ತೆ. ಅದಕ್ಕೇ ಅವರನ್ನ ಚಿಕ್ಕೋನ ಹತ್ರ ಕಳಿಸ್ತಿದ್ದೆ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಮನುಷ್ಯನ ಮೇಲೆ ಎಂಥ ಕೊಳಕು ಮಾತು ಹೊರಿಸಿದ್ದೆ! ಅದು ಸುಳ್ಳೆಂದು ಗೊತ್ತಾಗಿಯೂ ನನ್ನ ಅನುಮಾನ ತಗ್ಗಲಿಲ್ಲ, ಇವರು ಈ ಸೀಟು ಬಿಡುವವರಲ್ಲ ಎಂದು ಇನ್ನೂ ಬೆಳೆಯಿತು.

"ಕನ್ನಡಿ ಇದ್ದಿದ್ರೆ ಇನ್ನೊಂದೆರಡು ವರ್ಷ ನಡೀತಿತ್ತು" ಎಂದರು.

"ಯಾರ ಮಗು ಗಾಡಿಯಡಿಗೆ ಬೀಳೋವರೆಗೆ ಮೇಷ್ಟ್ರೇ?" ಎಂದೆ. ಒರಟಾಗಿಯೇ ಹೇಳಿದೆ.

ಅವರು ಮುಖ ತಿರುಗಿಸಿದರು. ಆಮೇಲೆ ಮಾತು ಕೊಟ್ಟರು: ನಾಳೆಯಿಂದ ಈ ಸೀಟಿನಲ್ಲಿ ಕೂರುವುದಿಲ್ಲ. ಇವತ್ತು ಸಂಜೆಯೇ ಒಡತಿಗೂ ಹೆಂಡತಿಗೂ ತಾವೇ ಹೇಳುತ್ತಾರೆ. ಬೇರೆಯವರ ಬಾಯಿಂದ ಹೋಗುವುದು ಬೇಡ, ಅಷ್ಟು ಮರ್ಯಾದೆ ಉಳಿಸಿಕೊಡಬೇಕು. ನಾನು ಒಪ್ಪಿದೆ. ಎಲ್ಲರ ಚೀಲವನ್ನೂ ತಡಕುವವಳು, ಅವರ ಮಾತನ್ನು ತಡಕದೆ ಹಾಗೇ ಬಿಟ್ಟು ಮನೆಗೆ ಬಂದೆ.

ಆದರೆ ಬೆಳಗಿನ ಜಾವ ಎದ್ದು ಕೂತೆ. ಹೋಗಿ ನೋಡುವುದು ಸಣ್ಣತನ ಎಂದು ನನಗೇ ಅನಿಸಿತು. ಮಾತು ಕೊಟ್ಟವರ ಬಾಗಿಲಲ್ಲಿ ಹೊಂಚು ಹಾಕುವುದು ಯಾವ ಸೀಮೆ ಬುದ್ಧಿ? ಅನಿಸಿದರೂ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಆರು ಗಂಟೆ. ಬೆಳಕಿನ್ನೂ ಸರಿಯಾಗಿ ಹರಿದಿರಲಿಲ್ಲ. ಶಾಲೆಯ ಮುಂದೆ ಕಾರು ನಿಂತಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಸ್ಟೀರಿಂಗಿನ ಹಿಂದೆ ಹದಿನೆಂಟರ ಹುಡುಗಿಯೊಬ್ಬಳು ಇದ್ದಳು, ಹೊಸಬಳು. ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ.

ಕೂಗಬಹುದಿತ್ತು. ಒಡತಿಗೆ ಫೋನು ಮಾಡಿ ಎಬ್ಬಿಸಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ರಸ್ತೆಗಿಳಿದು, ಕಾರಿನ ಮುಂದೆ, ಸರಿಯಾಗಿ ನಡುವೆ ಹೋಗಿ ನಿಂತೆ. ಮೇಷ್ಟ್ರು ಈಗ ಕನ್ನಡಿ ಇಲ್ಲದೆ, ಕುತ್ತಿಗೆಯನ್ನೇ ತಿರುಗಿಸಿ ಆ ಹುಡುಗಿಯ ಮುಖವನ್ನು ನೋಡುತ್ತಿದ್ದರು. ಹುಡುಗಿ ತಲೆ ಬಗ್ಗಿಸಿ ಗೇರು ಹುಡುಕುತ್ತಿದ್ದಳು. ಅವಳ ಕಣ್ಣು ಎದುರಿಗೆ ಏನನ್ನೂ ಕಂಡಿರಲಿಲ್ಲ. ಹಾಗಾಗಿ ಅವರಿಗೂ ಎದುರಿಗೆ ಏನೂ ಇರಲಿಲ್ಲ.

ಇಳಿಸಿದ ಕಿಟಕಿಯಿಂದ ಅವರ ಮೆಲುದನಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಹೆದರಬೇಡ ಪುಟ್ಟಿ. ಕ್ಲಚ್ ಮೆಲ್ಲಗೆ ಬಿಡು. ರಸ್ತೆ ಖಾಲಿ ಇದೆ."

ಹುಡುಗಿ ತಲೆ ಎತ್ತಿದಳು. ಅವಳ ಕಣ್ಣು ನನ್ನ ಮೇಲೆ ಬಿದ್ದು ಅಗಲವಾದದ್ದನ್ನು ನಾನು ನೋಡಿದೆ, ಅದೇ ಗಳಿಗೆಯಲ್ಲಿ ಮೇಷ್ಟ್ರೂ ನೋಡಿದರು. ಅವರ ಕಾಲು ಬ್ರೇಕಿನ ಮೇಲೆ ಬಿತ್ತು.

"ಸರ್, ಮುಂದೆ ಯಾರೋ ಆಂಟಿ ನಿಂತಿದ್ದಾರೆ."

"ಎಷ್ಟು ಹೊತ್ತಿಂದ?"

"ಗೊತ್ತಿಲ್ಲ ಸರ್. ನಾನು ಗೇರ್ ನೋಡ್ತಿದ್ದೆ."

ಅವರು ಕೈ ಚಾಚಿ ಕೀಲಿ ತಿರುಗಿಸಿದರು. ಎಂಜಿನ್ ಸದ್ದು ನಿಂತಿತು. ಹುಡುಗಿಗೆ ಇಳಿದು ಮನೆಗೆ ಹೋಗಲು ಹೇಳಿ, ತಾವೂ ಇಳಿದು, ಬಾನೆಟ್ಟಿನ ಉದ್ದಕ್ಕೂ ಕೈ ಸವರಿಕೊಂಡು ಮುಂದೆ ಬಂದರು. ಬಾನೆಟ್ಟು ಮುಗಿದ ಮೇಲೆ ಹೆಜ್ಜೆ ಎಣಿಸುತ್ತಾ ನಡೆದರು. ನಾಲ್ಕನೆಯ ಹೆಜ್ಜೆಗೆ ಅವರ ಚಾಚಿದ ಕೈ ನನ್ನ ಭುಜಕ್ಕೆ ತಾಗಿತು. ಅಲ್ಲಿಯವರೆಗೂ ನಾನು ಅಳುವುದನ್ನು ತಡೆದುಕೊಂಡಿದ್ದೆ.

"ನಾಲ್ಕೇ ಹೆಜ್ಜೆ" ಎಂದರು ಮೇಷ್ಟ್ರು.

ಅವರ ಕೈ ನನ್ನ ಭುಜ ಬಿಡಲಿಲ್ಲ.

"ಆಸ್ಪತ್ರೇಲಿ ನಮ್ಮ ಮನೆಯವಳ ಪಾಳಿ ಏಳಕ್ಕೆ ಮುಗಿಯುತ್ತೆ. ಅವಳಿಗೆ ಹೇಳ್ಬೇಕು, ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದರು.